ಕಳೆಯುವ ಲೆಕ್ಕದಲ್ಲಿ ಕಳೆದುಹೋದ ವೈಲ್ಡ್‌ಕಾರ್ಡ್ ಮಾಸ್ಕ್

ಸಬ್‌ನೆಟ್ ಮಾಸ್ಕನ್ನು 255.255.255.255ರಿಂದ ಕಳೆಯಿರಿ, ಬಂದ ಉತ್ತರವೇ ವೈಲ್ಡ್‌ಕಾರ್ಡ್ ಮಾಸ್ಕ್. ನೆಟ್‌ವರ್ಕಿಂಗ್ ಕಲಿತ ಯಾರನ್ನು ಕೇಳಿದರೂ ಸಿಗುವ ವಿವರಣೆ ಇದು. ಉಪ್ಪಳದ ಹುಡುಗನೂ ಇದನ್ನೇ ಹೇಳುತ್ತಾನೆ, ಕುಂಬಳೆಯಿಂದ ದಿನಾ ಬಸ್ಸು ಹತ್ತಿ ಮಂಗಳೂರಿಗೆ ಸಿಸಿಎನ್‌ಎ ಕೋರ್ಸಿಗೆ ಹೋಗಿಬರುವ ಹುಡುಗಿಯೂ ಇದನ್ನೇ ಹೇಳುತ್ತಾಳೆ. ಪರೀಕ್ಷೆಯ ಗೈಡುಗಳು ಇದನ್ನೇ ಉರು ಹೊಡೆಸುತ್ತವೆ. ಸಂದರ್ಶನದಲ್ಲಿ ಈ ಒಂದು ವಾಕ್ಯ ಒಪ್ಪಿಸಿದರೆ ಎದುರು ಕೂತವರು ತಲೆದೂಗಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಇಷ್ಟು ಜನ ಒಪ್ಪಿಕೊಂಡು ಬಂದ ಮಾತನ್ನು ಅಲ್ಲಗಳೆಯಬೇಕಾದರೆ ಗಟ್ಟಿ ಕಾರಣ ಬೇಕು ಎಂದು ನನಗೆ ಗೊತ್ತು. ಕೆಲವು ಸಂದರ್ಭಗಳಲ್ಲಿ ಸರಿಯುತ್ತರ ಕೊಡುವ ಒಂದು ಅಡ್ಡದಾರಿಯನ್ನು ನಾವು ವ್ಯಾಖ್ಯೆಯ ಪೀಠದ ಮೇಲೆ ಕೂರಿಸಿದ್ದೇವೆ. ಅದರಿಂದ ಕಲಿಯುವವರಿಗೂ ನಷ್ಟ, ಅವರನ್ನು ನಂಬಿ ಜಾಲ ಕಟ್ಟುವ ಸಂಸ್ಥೆಗಳಿಗೂ ನಷ್ಟ.

ಮೊದಲು ರೂಟರ್ ಏನು ಮಾಡುತ್ತದೆ ಎಂದು ನೋಡೋಣ. ಅದರ ಮೂಲಕ ಹಾದುಹೋಗುವ ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಹೊರಟ ವಿಳಾಸ, ಸೇರಬೇಕಾದ ವಿಳಾಸ ಎರಡೂ ಇರುತ್ತವೆ. ಒಂದು ಐಪಿ ವಿಳಾಸವೆಂದರೆ 32 ಬಿಟ್‌ಗಳು. ಓದಲು ಸುಲಭವಾಗಲೆಂದು ಅವನ್ನು ಎಂಟೆಂಟರ ನಾಲ್ಕು ಭಾಗ ಮಾಡಿ 192.168.10.5 ಎಂದು ಬರೆಯುತ್ತೇವೆ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ರೂಟರಿಗೆ ಹೇಳುವ ಪಟ್ಟಿಯೇ ಆಕ್ಸೆಸ್ ಲಿಸ್ಟ್. ಅದರ ಸಾಲಿನಲ್ಲಿ ಪರ್ಮಿಟ್ ಅಥವಾ ಡಿನೈ ಎಂಬ ಅಪ್ಪಣೆ, ಒಂದು ವಿಳಾಸ, ವಿಳಾಸದ ಪಕ್ಕದಲ್ಲಿ ವೈಲ್ಡ್‌ಕಾರ್ಡ್ ಮಾಸ್ಕ್. ರೂಟರ್ ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡುತ್ತ ಬರುತ್ತದೆ, ಮೊದಲು ಹೊಂದಿದ ಸಾಲಿನ ಅಪ್ಪಣೆಯನ್ನು ಪಾಲಿಸಿ ಅಲ್ಲಿಗೇ ನಿಲ್ಲುತ್ತದೆ. ಯಾವುದೂ ಹೊಂದದಿದ್ದರೆ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಹೊಂದುವುದೆಂದರೆ ಏನು ಎಂದು ತೀರ್ಮಾನಿಸುವುದೇ ವೈಲ್ಡ್‌ಕಾರ್ಡ್ ಮಾಸ್ಕಿನ ಕೆಲಸ. ಅದರಲ್ಲೂ 32 ಬಿಟ್‌ಗಳಿವೆ. ಬಿಟ್ 0 ಆಗಿದ್ದರೆ ವಿಳಾಸದ ಆ ಸ್ಥಾನವನ್ನು ನೋಡು, 1 ಆಗಿದ್ದರೆ ಬಿಡು. ಪೂರ್ತಿ ನಿಯಮ ಇಷ್ಟೇ. ಇದನ್ನು ಹೇಳಲು ಸಬ್‌ನೆಟ್ ಮಾಸ್ಕಿನ ಹೆಸರೆತ್ತಬೇಕಾಗಿ ಬರಲಿಲ್ಲ, ಏನನ್ನೂ ಯಾವುದರಿಂದಲೂ ಕಳೆಯಬೇಕಾಗಿ ಬರಲಿಲ್ಲ.

ಕನ್ನಡ ಓದಿದವರಿಗೆ ಈ ಬಗೆಯ ಹೊಂದಿಕೆ ಹೊಸದಲ್ಲ. ಹಳೆಯ ಕಾವ್ಯದ ದ್ವಿತೀಯಾಕ್ಷರ ಪ್ರಾಸದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಮೇಲಿನ ಸ್ವರ ಯಾವುದಾದರೂ ನಡೆಯುತ್ತದೆ. ಮೊದಲ ಅಕ್ಷರ ಲಘುವೋ ಗುರುವೋ ಎಂದಷ್ಟೇ ನೋಡುತ್ತಾರೆ, ಅಕ್ಷರ ಯಾವುದೆಂದು ಕೇಳುವುದಿಲ್ಲ. ಮೂರನೆಯ ಅಕ್ಷರದಿಂದಾಚೆಗೆ ಪ್ರಾಸಕ್ಕೆ ಸಂಬಂಧವೇ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸವನ್ನು ಕೈಬಿಟ್ಟರು. ಅವರು ಬಿಟ್ಟದ್ದು ಏನನ್ನು ಎಂದು ತರಗತಿಯಲ್ಲಿ ವಿವರಿಸಬೇಕಾದರೆ ಪಾದಪಾದದ ಎರಡನೆಯ ಅಕ್ಷರಕ್ಕೆ ಗೆರೆ ಎಳೆದು ತೋರಿಸಬೇಕು. ಪಾದವನ್ನು ಎಡದಿಂದ ಇಷ್ಟು ಅಕ್ಷರ ಎಂದು ಕತ್ತರಿಸಿ ತೋರಿಸಿದರೆ ಪ್ರಾಸ ಸಿಗುವುದಿಲ್ಲ. ನೋಡಬೇಕಾದ್ದು ಎಲ್ಲಿದೆಯೋ ಅಲ್ಲಿ ನೋಡುವುದು, ಒಂದೇ ಅಕ್ಷರದೊಳಗೂ ವ್ಯಂಜನವನ್ನು ಹಿಡಿದು ಸ್ವರವನ್ನು ಬಿಡುವುದು: ವೈಲ್ಡ್‌ಕಾರ್ಡ್ ಮಾಸ್ಕಿನ ಸ್ವಭಾವ ಇದು. ಸಬ್‌ನೆಟ್ ಮಾಸ್ಕಿನದು ಬೇರೆಯೇ. ಅದರ ಒಂದುಗಳೆಲ್ಲ ಎಡಕ್ಕೆ ಒತ್ತಾಗಿ ನಿಂತಿರಬೇಕು, ಸೊನ್ನೆಗಳೆಲ್ಲ ಬಲಕ್ಕೆ. ಜಾಲದ ಭಾಗ ಎಲ್ಲಿ ಮುಗಿಯಿತು, ಯಂತ್ರದ ಭಾಗ ಎಲ್ಲಿ ಶುರುವಾಯಿತು ಎಂದು ಒಂದು ಗಡಿಕಲ್ಲು ನೆಟ್ಟರೆ ಅದರ ಕೆಲಸ ಮುಗಿಯಿತು.

ಈ ಎರಡನ್ನು ಒಂದೇ ನಾಣ್ಯದ ಎರಡು ಮುಖವೆಂದು ನಂಬಲು ಕಾರಣವಿಲ್ಲದಿಲ್ಲ. ಒಂದು ಪೂರ್ತಿ ಸಬ್‌ನೆಟ್ಟನ್ನು ಬಿಡಬೇಕು ಅಥವಾ ತಡೆಯಬೇಕು ಎಂದಾಗ ಕಳೆಯುವ ಲೆಕ್ಕ ಸರಿಯಾಗಿಯೇ ಕೂಡುತ್ತದೆ. 255.255.255.0 ಇದ್ದರೆ 0.0.0.255, 255.255.255.240 ಇದ್ದರೆ 0.0.0.15. ದಿನನಿತ್ಯದ ಹೆಚ್ಚಿನ ಸಾಲುಗಳು ಇಂಥವೇ. ಹಾಗಾಗಿ ಸೂತ್ರ ತಪ್ಪುವ ಸಂದರ್ಭವೇ ಕಣ್ಣಿಗೆ ಬೀಳದೆ ಕೋರ್ಸು ಮುಗಿಯುತ್ತದೆ, ಸರ್ಟಿಫಿಕೇಟು ಕೈಗೆ ಬರುತ್ತದೆ. ಆದರೆ ಸೂತ್ರದಿಂದ ಉತ್ತರ ತೆಗೆದವನಿಗೆ ಆ 15 ಏನು ಹೇಳುತ್ತಿದೆ ಎಂದು ಗೊತ್ತಿರುವುದಿಲ್ಲ. ಕೊನೆಯ ನಾಲ್ಕು ಬಿಟ್‌ಗಳನ್ನು ಬಿಡು ಎಂಬ ಮಾತು ಅವನ ಕಿವಿಗೆ ಬಿದ್ದೇ ಇಲ್ಲ. ಅವನ ಪಾಲಿಗೆ ಅದು ಉತ್ತರದ ಅಂಕಿ, ಅಷ್ಟೇ.

ನಷ್ಟ ಶುರುವಾಗುವುದು ಇಲ್ಲಿಂದ. ಎರಡು ಮಾಸ್ಕುಗಳೂ ಒಂದೇ, ಒಂದನ್ನು ತಿರುಗಿಸಿದರೆ ಇನ್ನೊಂದು ಎಂದು ಕಲಿತವನು ಒಂದು ದಿನ ತಿರುಗಿಸಲು ಮರೆಯುತ್ತಾನೆ. ಡಿನೈ 192.168.10.0 255.255.255.0 ಎಂದು ಬರೆಯುತ್ತಾನೆ, ಅದರ ಕೆಳಗೆ ಪರ್ಮಿಟ್ ಎನಿ. ಸಿಸ್ಕೋ ರೂಟರ್ ಇದನ್ನು ತಪ್ಪು ಎನ್ನುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ, ಏಕೆಂದರೆ ಅದರ ಭಾಷೆಯಲ್ಲಿ ಇದು ಅರ್ಥವುಳ್ಳ ಸಾಲು. ಮೊದಲ 24 ಬಿಟ್‌ಗಳನ್ನು ಬಿಡು, ಕೊನೆಯ ಎಂಟನ್ನು ನೋಡು, ಅವು ಸೊನ್ನೆಯಾಗಿದ್ದರೆ ತಡೆ. ಪಟ್ಟಿಯನ್ನು ತೆರೆದು ನೋಡಿದರೆ ರೂಟರ್ ವಿಳಾಸವನ್ನೂ ಬದಲಿಸಿ 0.0.0.0 255.255.255.0 ಎಂದು ಬರೆದುಕೊಂಡಿರುತ್ತದೆ. ಬಿಡು ಎಂದ ಜಾಗದಲ್ಲಿ ಏನಿದ್ದರೂ ಒಂದೇ ಅಲ್ಲವೇ, ಸೊನ್ನೆ ಇರಲಿ ಎಂದು. ಸೊನ್ನೆಯಲ್ಲಿ ಕೊನೆಯಾಗುವ ವಿಳಾಸ ಸಾಮಾನ್ಯ ಲ್ಯಾಬಿನ ಯಾವ ಕಂಪ್ಯೂಟರಿಗೂ ಇರುವುದಿಲ್ಲ. ತಡೆಯಬೇಕಾದ ಜಾಲ ಪೂರ್ತಿ ಒಳಗೆ ನುಗ್ಗುತ್ತದೆ. ಕಚೇರಿಯವರ ಕಣ್ಣಿಗೆ ಎಲ್ಲವೂ ಸರಿಯಾಗಿದೆ, ಇಂಟರ್ನೆಟ್ ಬರುತ್ತಿದೆ, ಯಾರೂ ದೂರು ಕೊಡುವುದಿಲ್ಲ. ಪಟ್ಟಿಯ ಮೊದಲ ಸಾಲಿನ ಮುಂದೆ ಎಷ್ಟು ಪ್ಯಾಕೆಟ್ ಹೊಂದಿದವು ಎಂಬ ಎಣಿಕೆ ಏರುತ್ತಲೇ ಇಲ್ಲ ಎಂಬುದನ್ನು ಗಮನಿಸುವ ಕಣ್ಣು ಬೇಕು. ಕಳೆಯುವ ಲೆಕ್ಕ ಆ ಕಣ್ಣನ್ನು ಕೊಡುವುದಿಲ್ಲ.

ಈ ಗೊಂದಲಕ್ಕೆ ರೂಟರುಗಳೂ ಸ್ವಲ್ಪ ಕಾರಣ ಎನ್ನಬೇಕು. ರೂಟರುಗಳು ದಾರಿಯ ಸುದ್ದಿಯನ್ನು ಪರಸ್ಪರ ಹಂಚಿಕೊಳ್ಳುವ ಓಎಸ್‌ಪಿಎಫ್ ಎಂಬ ವ್ಯವಸ್ಥೆಯನ್ನು ಚಾಲೂ ಮಾಡುವ ನೆಟ್‌ವರ್ಕ್ ಸಾಲಿನಲ್ಲಿ ಸಬ್‌ನೆಟ್ ಮಾಸ್ಕ್ ಬರೆದರೆ ಸಿಸ್ಕೋ ರೂಟರಿನ ತಂತ್ರಾಂಶವಾದ ಐಓಎಸ್‌ನ ಇತ್ತೀಚಿನ ಆವೃತ್ತಿ ತಾನೇ ಅದನ್ನು ವೈಲ್ಡ್‌ಕಾರ್ಡಿಗೆ ತಿರುಗಿಸಿಕೊಳ್ಳುತ್ತದೆ. ಅಲ್ಲಿ ನಡೆದದ್ದು ಆಕ್ಸೆಸ್ ಲಿಸ್ಟಿನಲ್ಲೂ ನಡೆಯುತ್ತದೆ ಎಂದುಕೊಂಡರೆ ಕೆಟ್ಟಿತು. ಇಷ್ಟಕ್ಕೂ ಓಎಸ್‌ಪಿಎಫ್‌ನ ಆ ಸಾಲನ್ನೂ ನಾವು ತಪ್ಪಾಗಿಯೇ ಕಲಿಸುತ್ತಿದ್ದೇವೆ. ಅಲ್ಲಿನ ವೈಲ್ಡ್‌ಕಾರ್ಡ್ ಮಾಸ್ಕ್ ಜಾಲದ ಗಾತ್ರವನ್ನು ಸಾರುವುದಿಲ್ಲ, ರೂಟರಿನ ಯಾವ ಇಂಟರ್‌ಫೇಸುಗಳು ಓಎಸ್‌ಪಿಎಫ್‌ಗೆ ಸೇರಬೇಕು ಎಂದು ಆರಿಸುತ್ತದೆ. 0.0.0.0 255.255.255.255 ಎಂದರೆ ಎಲ್ಲ ಇಂಟರ್‌ಫೇಸುಗಳೂ ಸೇರುತ್ತವೆ, ಇಂಟರ್‌ಫೇಸಿನ ವಿಳಾಸದ ಮುಂದೆ 0.0.0.0 ಎಂದರೆ ಅದೊಂದೇ ಸೇರುತ್ತದೆ. ಎರಡರಲ್ಲೂ ಹೊರಗೆ ಹೋಗುವ ಸುದ್ದಿಯಲ್ಲಿರುವುದು ಇಂಟರ್‌ಫೇಸಿನ ಸ್ವಂತ ಸಬ್‌ನೆಟ್ ಮಾಸ್ಕೇ. ವೈಲ್ಡ್‌ಕಾರ್ಡನ್ನು ಸಬ್‌ನೆಟ್ ಮಾಸ್ಕಿನ ನೆರಳೆಂದು ಕಲಿತವನು ಇಂಟರ್‌ಫೇಸಿನ ಮಾಸ್ಕನ್ನು ತಿರುಗಿಸಿಯೇ ಬರೆಯಬೇಕು ಎಂದು ಜೀವಮಾನವಿಡೀ ನಂಬಿಕೊಂಡಿರುತ್ತಾನೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ, ಅಪಾಯ ಮಾತ್ರ ಹೆಚ್ಚು. 192.168.10.0ರಿಂದ 192.168.20.0ರವರೆಗಿನ ಹನ್ನೊಂದು ಜಾಲಗಳನ್ನು ಬಿಡಬೇಕಾಗಿದೆ ಎನ್ನಿ. 0.0.0.255 ಎಂದರೆ 0ಯಿಂದ 255ರವರೆಗೆ ಎಂದು ಬಾಯಿಪಾಠ ಮಾಡಿದವನು ಇಲ್ಲಿಯೂ ಅದೇ ದಾರಿ ಹಿಡಿಯುತ್ತಾನೆ. ಹತ್ತರಿಂದ ಶುರು, ಮುಂದೆ ಹತ್ತು, ಆದ್ದರಿಂದ 192.168.10.0 0.0.10.255. ನೋಡಲು ಎಷ್ಟು ಒಪ್ಪವಾಗಿದೆ! ಈಗ ಕಾಗದ ಪೆನ್ಸಿಲು ಹಿಡಿದು ಬಿಟ್ ಬರೆಯೋಣ. ವಿಳಾಸದ ಮೂರನೆಯ ಭಾಗ 10, ಎಂದರೆ 00001010. ಮಾಸ್ಕಿನ ಮೂರನೆಯ ಭಾಗವೂ 10, ಅದೂ 00001010. ಬಿಡಬೇಕಾದ ಸ್ಥಾನಗಳು ಎರಡು: 8ರ ಮನೆ, 2ರ ಮನೆ. ಉಳಿದ ಆರು ಸ್ಥಾನಗಳಲ್ಲಿ ವಿಳಾಸದಲ್ಲಿರುವುದು ಸೊನ್ನೆ, ಅವು ಸೊನ್ನೆಯಾಗಿಯೇ ಇರಬೇಕು. ಹಾಗಾದರೆ ಹೊಂದುವ ಸಂಖ್ಯೆಗಳು ನಾಲ್ಕೇ: 0, 2, 8, 10. ಹನ್ನೊಂದು ಜಾಲಗಳನ್ನು ಬಿಡಲು ಬರೆದ ಸಾಲು ಅವುಗಳಲ್ಲಿ ಒಂದನ್ನು ಮಾತ್ರ ಬಿಟ್ಟಿತು, ಹತ್ತಕ್ಕೆ ಬಾಗಿಲು ಮುಚ್ಚಿತು, ಕರೆಯದ ಮೂರು ಜಾಲಗಳಿಗೆ ಬಾಗಿಲು ತೆರೆಯಿತು. ಸರಿಯಾಗಿ ಬರೆಯಬೇಕಾದರೆ ನಾಲ್ಕು ಸಾಲು ಬೇಕು. 10 ಮತ್ತು 11ಕ್ಕೆ 192.168.10.0 0.0.1.255, 12ರಿಂದ 15ಕ್ಕೆ 192.168.12.0 0.0.3.255, 16ರಿಂದ 19ಕ್ಕೆ 192.168.16.0 0.0.3.255, ಉಳಿದ 20ಕ್ಕೆ 192.168.20.0 0.0.0.255. ಏಕೆ ನಾಲ್ಕು, ಏಕೆ ಅಲ್ಲಲ್ಲೇ ಮುರಿಯಿತು ಎಂದು ಬಿಟ್ ಬರೆದು ನೋಡಿದವರಿಗೆ ಕೇಳದೆಯೇ ಗೊತ್ತಾಗುತ್ತದೆ. ಕಳೆಯಲು ಕಲಿತವರಿಗೆ ಇದು ಇನ್ನೊಂದು ಬಾಯಿಪಾಠ.

ಕಳೆಯುವ ಲೆಕ್ಕದವರು ಇನ್ನೊಂದು ಕಡೆ ಉದಾರಿಗಳಾಗುತ್ತಾರೆ, ಆಗಬಾರದಷ್ಟು. 192.168.10.0 ಮತ್ತು 192.168.14.0 ಎಂಬ ಎರಡೇ ಜಾಲಗಳನ್ನು ಒಂದು ಸಾಲಿನಲ್ಲಿ ಬಿಡಿ ಎಂದರೆ, ಎರಡೂ ಸೇರುವ ಚಿಕ್ಕ ಸಬ್‌ನೆಟ್ ಯಾವುದು ಎಂದು ಹುಡುಕಿ 192.168.8.0 0.0.7.255 ಎಂದು ಬರೆಯುತ್ತಾರೆ. ಲೆಕ್ಕ ತಪ್ಪಲ್ಲ, 8ರಿಂದ 15ರವರೆಗೆ ಎಂಟು ಜಾಲಗಳು ಅದರಲ್ಲಿವೆ. ಎರಡಕ್ಕೆ ಅಪ್ಪಣೆ ಕೇಳಿದ್ದು, ಎಂಟಕ್ಕೆ ಕೊಟ್ಟದ್ದು. ಆ ಹೆಚ್ಚಿನ ಆರರಲ್ಲಿ 1,536 ವಿಳಾಸಗಳಿವೆ. 10ನ್ನೂ 14ನ್ನೂ ಬಿಟ್‌ಗಳಲ್ಲಿ ಬರೆದರೆ 00001010, 00001110. ವ್ಯತ್ಯಾಸ ಒಂದೇ ಸ್ಥಾನದಲ್ಲಿ, 4ರ ಮನೆಯಲ್ಲಿ. ಆ ಒಂದನ್ನು ಬಿಟ್ಟರೆ ಸಾಕು: 192.168.10.0 0.0.4.255. ಎರಡು ಜಾಲಗಳು, ಒಂದು ಸಾಲು, ಹೆಚ್ಚಿಲ್ಲ ಕಡಿಮೆಯಿಲ್ಲ. ಭದ್ರತೆಯ ಮಾತು ಬಂದಾಗಲೆಲ್ಲ ಬೇಕಾದಷ್ಟೇ ಅನುಮತಿ ಕೊಡಿ ಎಂದು ಉಪದೇಶಿಸುವ ನಾವು, ಬೇಕಾದಷ್ಟೇ ಕೊಡಲು ಇರುವ ಸಾಧನವನ್ನು ಮಕ್ಕಳ ಕೈಗೆ ಕೊಡುವ ಮೊದಲೇ ಅರ್ಧ ಮುರಿದು ಕೊಡುತ್ತಿದ್ದೇವೆ.

ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತನಾಲ್ಕು ಜಾಲಗಳಿವೆ, ಅರ್ಧ ವಿದ್ಯಾರ್ಥಿಗಳ ಲ್ಯಾಬುಗಳು, ಅರ್ಧ ಅಧ್ಯಾಪಕರ ಮತ್ತು ಕಚೇರಿಯ ಕೋಣೆಗಳು. ವಿಳಾಸಗಳೆಲ್ಲ 10.14ರಿಂದ ಶುರುವಾಗುತ್ತವೆ. ಕಟ್ಟುವಾಗಲೇ ಯೋಚಿಸಿ ವಿದ್ಯಾರ್ಥಿಗಳ ಜಾಲಕ್ಕೆ ಮೂರನೆಯ ಭಾಗ ಬೆಸ, ಉಳಿದವರಿಗೆ ಸಮ ಎಂದು ಹಂಚಿದರು ಎನ್ನೋಣ. ಬೆಸಸಂಖ್ಯೆ ಎಂದರೆ ಕೊನೆಯ ಬಿಟ್ 1. ಹಾಗಾಗಿ 10.14.1.0 0.0.254.255 ಎಂಬ ಒಂದೇ ಸಾಲು ಎಲ್ಲ ಲ್ಯಾಬುಗಳನ್ನೂ ಹಿಡಿಯುತ್ತದೆ. ಮುಂದಿನ ವರ್ಷ ಹೊಸ ಲ್ಯಾಬ್ ಬಂದರೆ ಅದಕ್ಕೊಂದು ಬೆಸಸಂಖ್ಯೆ ಕೊಟ್ಟರಾಯಿತು, ಪಟ್ಟಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ಪ್ರತಿ ಜಾಲದಲ್ಲೂ ಪ್ರಿಂಟರುಗಳಿಗೆ 200ರಿಂದ 207ರವರೆಗಿನ ವಿಳಾಸ ಮೀಸಲಿಟ್ಟರೆ, ಇಡೀ ಕಾಲೇಜಿನ ಪ್ರಿಂಟರುಗಳು 10.14.0.200 0.0.255.7 ಎಂಬ ಸಾಲಿನಲ್ಲಿ ಕೂಡುತ್ತವೆ. ಈ 0.0.255.7ನ್ನು ಯಾವ ಸಬ್‌ನೆಟ್ ಮಾಸ್ಕಿನಿಂದ ಕಳೆದು ತರುತ್ತೀರಿ? ಹಿಂದಕ್ಕೆ ತಿರುಗಿಸಿದರೆ 255.255.0.248 ಬರುತ್ತದೆ, ಅಂಥ ಸಬ್‌ನೆಟ್ ಮಾಸ್ಕನ್ನು ಯಾವ ಕಂಪ್ಯೂಟರಿಗೂ ಕೊಡಲಾಗದು. ಕಳೆಯುವ ಲೆಕ್ಕದವರು ಪ್ರಿಂಟರುಗಳಿಗೆ ಇಪ್ಪತ್ತನಾಲ್ಕು ಸಾಲು ಬರೆಯುತ್ತಾರೆ, ಲ್ಯಾಬುಗಳಿಗೆ ಹನ್ನೆರಡು. ಹೊಸ ಕೋಣೆಗೆ ತಂತಿ ಎಳೆದಾಗಲೆಲ್ಲ ಎರಡು ಕಡೆ ಸಾಲು ಸೇರಿಸಲು ನೆನಪಿಡಬೇಕು. ಮರೆತದ್ದು ಯಾವತ್ತೋ ಬಾಧಿಸುತ್ತದೆ. ನನಗೆ ಇದಕ್ಕಿಂತ ದೊಡ್ಡ ದುಃಖ ಇನ್ನೊಂದಿದೆ: ಬಿಟ್ ನೋಡಲು ಬಾರದವರು ವಿಳಾಸಗಳನ್ನು ಹಂಚುವಾಗಲೇ ಯೋಚಿಸುವುದಿಲ್ಲ. ಬಂದ ಕ್ರಮದಲ್ಲಿ 1, 2, 3 ಎಂದು ಕೊಡುತ್ತ ಹೋಗುತ್ತಾರೆ. ಆಮೇಲೆ ಎಷ್ಟು ಬುದ್ಧಿವಂತರು ಬಂದರೂ ಆ ಜಾಲಕ್ಕೆ ಚಿಕ್ಕ ಪಟ್ಟಿ ಬರೆಯಲಾಗುವುದಿಲ್ಲ.

ಇದು ನನ್ನ ಸ್ವಂತ ವ್ಯಾಖ್ಯೆಯಲ್ಲ, ಈ ಎರಡು ಮಾಸ್ಕುಗಳ ಇತಿಹಾಸವೇ ಇದನ್ನು ಹೇಳುತ್ತದೆ. ಸಬ್‌ನೆಟ್ ಮಾಸ್ಕನ್ನು ಅಂತರಜಾಲದ ಮಾನಕವಾಗಿ ನಿರೂಪಿಸಿದ ಆರ್‌ಎಫ್‌ಸಿ 950 ಹೊರಬಂದದ್ದು 1985ರ ಆಗಸ್ಟಿನಲ್ಲಿ. ಸಬ್‌ನೆಟ್ಟಿನ ಬಿಟ್‌ಗಳು ಒಟ್ಟಾಗಿ ಇದ್ದರೆ ಒಳ್ಳೆಯದು ಎಂದು ಅದು ಸಲಹೆ ಕೊಟ್ಟಿತು, ಚದುರಿರುವುದನ್ನು ನಿಷೇಧಿಸಲಿಲ್ಲ. ಬಳಿಕ ಅಂತರಜಾಲ ಬೆಳೆದು ರೂಟರುಗಳ ದಾರಿಪಟ್ಟಿಗಳು ಉಬ್ಬತೊಡಗಿದಾಗ 1993ರಲ್ಲಿ ಸಿಐಡಿಆರ್ ಬಂತು, ವಿಳಾಸದ ಪಕ್ಕ ಒಂದು ಓರೆಗೆರೆ ಎಳೆದು 24 ಎಂದೋ 28 ಎಂದೋ ಬರೆಯುವ ಪದ್ಧತಿ ಬಂತು. ಆ ಬರಹದಲ್ಲಿ ಚದುರಿದ ಮಾಸ್ಕಿಗೆ ಜಾಗವೇ ಇಲ್ಲ. ದಾರಿ ಹುಡುಕುವ ಕೆಲಸಕ್ಕೆ ಅದೇ ಸರಿ, ಏಕೆಂದರೆ ದಾರಿಪಟ್ಟಿಯಲ್ಲಿ ಎಡದಿಂದ ಅತಿ ಹೆಚ್ಚು ಬಿಟ್ ಹೊಂದಿದ ದಾರಿಯನ್ನು ಆರಿಸಬೇಕು. ಕಾಸರಗೋಡು ಜಿಲ್ಲೆಯಾದ 1984ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸಿಸ್ಕೋ ತನ್ನ ಆಕ್ಸೆಸ್ ಲಿಸ್ಟಿನಲ್ಲಿ ಮಾತ್ರ ಯಾವ ಬಿಟ್ಟನ್ನಾದರೂ ನೋಡುವ, ಯಾವುದನ್ನಾದರೂ ಬಿಡುವ ಸ್ವಾತಂತ್ರ್ಯವನ್ನು ಉಳಿಸಿಕೊಂಡಿತು. ಒಂದು ಸಾಧನ ತನ್ನ ಕೆಲಸಕ್ಕಾಗಿ ಬಿಟ್ಟುಕೊಟ್ಟ ಸ್ವಾತಂತ್ರ್ಯವನ್ನು ಇನ್ನೊಂದು ತನ್ನ ಕೆಲಸಕ್ಕಾಗಿ ಇಟ್ಟುಕೊಂಡಿದೆ. ಅವೆರಡನ್ನು ಒಂದೇ ಎನ್ನುವುದು ಹೇಗೆ?

ಯಂತ್ರದೊಳಗೆ ಇಣುಕಿದರೆ ಅನುಮಾನ ಪೂರ್ತಿ ಹೋಗುತ್ತದೆ. ವೇಗದ ಸ್ವಿಚ್ಚುಗಳಲ್ಲಿ, ದೊಡ್ಡ ರೂಟರುಗಳಲ್ಲಿ ಆಕ್ಸೆಸ್ ಲಿಸ್ಟಿನ ಸಾಲುಗಳನ್ನು ಟಿಕ್ಯಾಮ್ ಎಂಬ ವಿಶೇಷ ಸ್ಮೃತಿಯಲ್ಲಿ ಇಡುತ್ತಾರೆ. ಮಾಮೂಲಿ ಸ್ಮೃತಿಯ ಒಂದು ಕೋಶದಲ್ಲಿ 0 ಇಲ್ಲವೇ 1 ಇರಬಹುದು. ಟಿಕ್ಯಾಮಿನ ಕೋಶಕ್ಕೆ ಮೂರನೆಯ ಸ್ಥಿತಿಯೂ ಇದೆ, ಯಾವುದಾದರೂ ಸರಿ ಎಂಬುದು. ಪ್ಯಾಕೆಟ್ ಬಂದೊಡನೆ ಅದರ ವಿಳಾಸವನ್ನು ಎಲ್ಲ ಸಾಲುಗಳ ಜೊತೆ ಏಕಕಾಲದಲ್ಲಿ ಹೋಲಿಸಿ ನೋಡುತ್ತದೆ. ಈ ಸ್ಮೃತಿಗೆ ಬೆಲೆ ಹೆಚ್ಚು, ವಿದ್ಯುತ್ ಹೆಚ್ಚು ಬೇಕು, ಆದ್ದರಿಂದ ಜಾಗ ಕಡಿಮೆ. ಇಪ್ಪತ್ತನಾಲ್ಕು ಸಾಲಿನ ಕೆಲಸವನ್ನು ಒಂದು ಸಾಲಿನಲ್ಲಿ ಮುಗಿಸುವುದಕ್ಕೆ ಇಲ್ಲಿ ಲೆಕ್ಕಕ್ಕೆ ಸಿಗುವ ಬೆಲೆ ಇದೆ. ಪ್ಯಾಕೆಟ್ ಸಂಸ್ಕರಣೆಗೆಂದೇ ಇರುವ ಪಿ4 ಎಂಬ ಭಾಷೆಯಲ್ಲಿ ಹೊಂದಿಕೆಯ ಬಗೆಗಳಿಗೆ ಬೇರೆ ಬೇರೆ ಹೆಸರುಗಳೇ ಇವೆ: ಎಡದಿಂದ ಉದ್ದಕ್ಕೆ ಹೊಂದುವುದು ಎಲ್‌ಪಿಎಂ, ಸ್ಥಾನಸ್ಥಾನಕ್ಕೆ ನೋಡು ಅಥವಾ ಬಿಡು ಎನ್ನುವುದು ಟರ್ನರಿ. ಇಂದು ಜಾಲಯಂತ್ರಗಳಿಗೆ ಭಾಷೆ ಕಟ್ಟುವವರು ಪ್ರತ್ಯೇಕವಾಗಿಟ್ಟದ್ದನ್ನು ನಮ್ಮ ಪಾಠಗಳು ಒಂದೇ ಸೂತ್ರಕ್ಕೆ ಬಿಗಿದಿವೆ.

ಇಷ್ಟು ಹೇಳಿದ ಮೇಲೆ ಅನುಭವಿಗಳಿಂದ ಒಂದು ಆಕ್ಷೇಪ ಬರುತ್ತದೆ, ಅದು ಗೌರವಕ್ಕೆ ಅರ್ಹವಾದದ್ದು. ಚದುರಿದ ಮಾಸ್ಕುಗಳು ಓದಲು ಕಷ್ಟ, ಮಧ್ಯರಾತ್ರಿ ಜಾಲ ಕೆಟ್ಟು ಕೂತಾಗ 0.0.254.255 ನೋಡಿದರೆ ತಲೆ ಓಡುವುದಿಲ್ಲ, ಹಾಗಾಗಿ ಯಾರೂ ಬರೆಯಬೇಡಿ ಎನ್ನುತ್ತಾರೆ. ಎಲ್ಲೆಂದರಲ್ಲಿ ಬರೆಯಿರಿ ಎಂದು ನಾನೂ ಹೇಳುವುದಿಲ್ಲ. ವಿಳಾಸಗಳ ಹಂಚಿಕೆಯಲ್ಲಿ ಒಂದು ಕ್ರಮವಿದ್ದಾಗ ಬರೆಯಬೇಕು, ಮೇಲೊಂದು ರಿಮಾರ್ಕ್ ಸಾಲು ಹಾಕಿ ಉದ್ದೇಶ ತಿಳಿಸಬೇಕು. ಆದರೆ ಬರೆಯದಿರುವುದು ಬೇರೆ, ಓದಲು ಬಾರದಿರುವುದು ಬೇರೆ. ಹಿಂದಿನವರು ಬರೆದಿಟ್ಟುಹೋದ ಪಟ್ಟಿಯನ್ನು ಇಂದಿನವರು ಓದಲೇಬೇಕಾಗುತ್ತದೆ. ಓದಲು ಬಾರದಿದ್ದರೆ ಅದನ್ನು ತೆಗೆದುಹಾಕುತ್ತಾರೆ, ಇಲ್ಲವೇ ಮುಟ್ಟಲು ಹೆದರಿ ಹಾಗೆಯೇ ಬಿಡುತ್ತಾರೆ. ತಮಗೆ ಅರ್ಥವಾಗದ್ದಕ್ಕೆ ಕೆಟ್ಟ ಪದ್ಧತಿ ಎಂದು ಹೆಸರಿಡುವುದು ಅನುಭವಿಗಳಿಗೆ ಒಪ್ಪುವ ನಡತೆಯಲ್ಲ.

ಇನ್ನು ಕೆಲವರು, ಇದೆಲ್ಲ ಹಳೆಯ ಸಿಸ್ಕೋ ಕಾಲದ ಮಾತು, ಈಗ ಎಲ್ಲವೂ ಕ್ಲೌಡಿಗೆ ಹೋಗಿದೆ, ಅಲ್ಲಿ ಓರೆಗೆರೆಯ ಸಂಖ್ಯೆ ಸಾಕು ಎನ್ನುತ್ತಾರೆ. ಅಮೆಜಾನಿನ ಕ್ಲೌಡಿನಲ್ಲಿ ಸೆಕ್ಯುರಿಟಿ ಗ್ರೂಪ್ ಬರೆಯುವವರಿಗೆ ವೈಲ್ಡ್‌ಕಾರ್ಡ್ ಮಾಸ್ಕ್ ಬೇಕಿಲ್ಲ ಎಂಬುದು ನಿಜ. ಅದೇ ಸಿಸ್ಕೋದ ಎಎಸ್‌ಎ ಫೈರ್‌ವಾಲಿನಲ್ಲೂ ಆಕ್ಸೆಸ್ ಲಿಸ್ಟಿಗೆ ಸಬ್‌ನೆಟ್ ಮಾಸ್ಕನ್ನೇ ಬರೆಯಬೇಕು ಎಂಬುದೂ ನಿಜ. ಆದರೆ ಈ ವೈವಿಧ್ಯವೇ ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಒಂದು ಪೆಟ್ಟಿಗೆಯಲ್ಲಿ ತಿರುಗಿಸಬೇಕು, ಪಕ್ಕದ ಪೆಟ್ಟಿಗೆಯಲ್ಲಿ ತಿರುಗಿಸಬಾರದು ಎಂದಾಗ ಬರಿಯ ಸೂತ್ರ ಕಲಿತವನಿಗೆ ದಿಕ್ಕು ತಪ್ಪುತ್ತದೆ. ಯಾವ ಬಿಟ್ ನೋಡಬೇಕು, ಯಾವುದನ್ನು ಬಿಡಬೇಕು ಎಂದು ಮೊದಲು ನಿರ್ಧರಿಸಿದವನು ಆಮೇಲೆ ಆಯಾ ಪೆಟ್ಟಿಗೆಯ ವಾಡಿಕೆಯಂತೆ ಬರೆಯುತ್ತಾನೆ. ಲಿನಕ್ಸಿನ ಐಪಿಟೇಬಲ್ಸಿನಲ್ಲಿ ವಾಡಿಕೆ ತಲೆಕೆಳಗು, 1 ಎಂದರೆ ನೋಡು, 0 ಎಂದರೆ ಬಿಡು. ಆದರೂ ಚದುರಿದ ಮಾಸ್ಕನ್ನು ಅದು ಒಪ್ಪುತ್ತದೆ. ಮೇಲೆ ಹೇಳಿದ ಪ್ರಿಂಟರುಗಳನ್ನು ಅಲ್ಲಿ 10.14.0.200ರ ಮುಂದೆ ಓರೆಗೆರೆ ಎಳೆದು 255.255.0.248 ಎಂದು ಬರೆದು ಹಿಡಿಯಬಹುದು. ಜೂನಿಪರ್ ರೂಟರುಗಳ ಫಿಲ್ಟರುಗಳೂ ಇಂಥ ಮಾಸ್ಕನ್ನು ಒಪ್ಪುತ್ತವೆ. ಹಳೆಯ ಸಿಸ್ಕೋ ಕಾಲ ಎಂದು ತಳ್ಳಿಹಾಕಿದ ವಿಚಾರ ಇಷ್ಟು ಕಡೆ ಜೀವಂತವಾಗಿದೆ.

ನಾನು ಇದನ್ನು ಕಾಸರಗೋಡಿನಲ್ಲಿ ಕೂತು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಗಂಭೀರವಾಗಿ ಶುರುವಾದದ್ದು 2001ರ ಐಟಿ ಅಟ್ ಸ್ಕೂಲ್ ಯೋಜನೆಯಿಂದ. 2017ರಲ್ಲಿ ಅದು ಕೈಟ್ ಎಂಬ ಕಂಪನಿಯಾಯಿತು. ಅದರ ಐಸಿಟಿ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬರುತ್ತವೆ, ಶಾಲೆಯ ಕಂಪ್ಯೂಟರುಗಳಲ್ಲಿ ಗ್ನೂ ಲಿನಕ್ಸ್ ಇದೆ. ರಾಜ್ಯದಾದ್ಯಂತ 45,000 ತರಗತಿಗಳನ್ನು ಹೈಟೆಕ್ ಮಾಡಿದರು. ಮಂಜೇಶ್ವರ ಕಾಸರಗೋಡುಗಳ ಕನ್ನಡ ಮಾಧ್ಯಮದ ಮಗು ಕಂಪ್ಯೂಟರನ್ನು ತನ್ನ ಭಾಷೆಯಲ್ಲೇ ಕಲಿಯುತ್ತ ಬೆಳೆಯುತ್ತದೆ. 2023ರ ಜೂನ್ 5ರಂದು ಉದ್ಘಾಟನೆಯಾದ, ಕೇರಳ ಸರಕಾರದ ಆಪ್ಟಿಕಲ್ ಫೈಬರ್ ಜಾಲವಾದ ಕೆ-ಫೋನ್ 30,000ದಷ್ಟು ಸರಕಾರಿ ಕಚೇರಿ ಮತ್ತು ಶಿಕ್ಷಣಸಂಸ್ಥೆಗಳಿಗೆ, 20 ಲಕ್ಷ ಬಡ ಕುಟುಂಬಗಳಿಗೆ ಸಂಪರ್ಕ ಕೊಡುವ ಗುರಿ ಇಟ್ಟುಕೊಂಡಿದೆ. ನಾರು ಬಂದು ಮುಟ್ಟಿದ ಪ್ರತಿ ಪಂಚಾಯತ್ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಒಳಗಿನ ಜಾಲವನ್ನು ನೋಡಿಕೊಳ್ಳುವವರು ಬೇಕು. ರೋಗಿಗಳ ದಾಖಲೆ ಇರುವ ಕಂಪ್ಯೂಟರಿಗೆ ಯಾರು ಹೋಗಬಹುದು, ಮಕ್ಕಳ ಅಂಕ ಇರುವ ಸರ್ವರಿಗೆ ಯಾವ ಕೋಣೆಯಿಂದ ದಾರಿ ಇದೆ ಎಂದು ಬರೆಯುವ ಕೈ ಬೇಕು. ಆ ಕೈ ತಿರುವನಂತಪುರದಿಂದ ದಿನಾ ಬರುವುದಿಲ್ಲ. ಪೊವ್ವಲಿನ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದಿದವರು, ಮಂಗಳೂರಿನ ಕೋರ್ಸು ಮುಗಿಸಿ ಊರಿಗೆ ಮರಳಿದವರು ಇದನ್ನು ಮಾಡಬೇಕು. ಜಿಲ್ಲಾ ಕೇಂದ್ರದಿಂದ ದೂರದ ಒಂದು ಆರೋಗ್ಯ ಕೇಂದ್ರದಲ್ಲಿ ತಪ್ಪು ಸಾಲೊಂದು ಕೂತರೆ ಅದನ್ನು ಪರಿಶೀಲಿಸಲು ಇನ್ನೊಬ್ಬ ತಜ್ಞ ಪಕ್ಕದ ಮೇಜಿನಲ್ಲಿ ಇರುವುದಿಲ್ಲ. ದೊಡ್ಡ ಊರಿನ ದೊಡ್ಡ ಕಂಪನಿಯಲ್ಲಿ ಅರೆಜ್ಞಾನ ನಾಲ್ಕು ಜನರ ಕಣ್ಣು ದಾಟಬೇಕು, ಇಲ್ಲಿ ಅದು ನೇರವಾಗಿ ರೂಟರಿಗೆ ಹೋಗುತ್ತದೆ.

ಕೊನೆಯ ಸಮರ್ಥನೆ ಅಧ್ಯಾಪಕರದ್ದು: ಸಮಯವಿಲ್ಲ, ಸಿಲೆಬಸ್ ಮುಗಿಯಬೇಕು, ಸೂತ್ರ ಕೊಟ್ಟರೆ ಐದು ನಿಮಿಷದಲ್ಲಿ ಆಗುತ್ತದೆ. ಬಿಟ್ ಬರೆಸಿ ಕಲಿಸಲು ಲ್ಯಾಬಿನ ಒಂದು ಗಂಟೆ ಸಾಕು, ಜಾಲವನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಇದ್ದರೆ ದುಬಾರಿ ಯಂತ್ರವೂ ಬೇಡ. ವಿಳಾಸವನ್ನು ಒಂದು ಸಾಲಿನಲ್ಲಿ, ಮಾಸ್ಕನ್ನು ಅದರ ಕೆಳಗೆ ಬರೆಸಿ. ಸೊನ್ನೆಯ ಮೇಲಿರುವ ಬಿಟ್‌ಗೆ ಗುಂಡು ಸುತ್ತಿಸಿ, ಒಂದರ ಮೇಲಿರುವುದನ್ನು ಹೊಡೆದುಹಾಕಿಸಿ. ಉಳಿದದ್ದೇ ಷರತ್ತು. ಆಮೇಲೆ ತಪ್ಪು ಸಾಲುಗಳನ್ನೇ ರೂಟರಿಗೆ ಹಾಕಿಸಿ, ಪಿಂಗ್ ಕಳುಹಿಸಿ, ಎಣಿಕೆ ಯಾವ ಸಾಲಿನಲ್ಲಿ ಏರಿತು ಎಂದು ತೋರಿಸಿ. 0.0.10.255 ಹಾಕಿದಾಗ ಹನ್ನೊಂದನೆಯ ಜಾಲದ ಕಂಪ್ಯೂಟರ್ ಹೊರಗುಳಿದು ಎಂಟನೆಯದ್ದು ಒಳಗೆ ಬರುವುದನ್ನು ಕಣ್ಣಾರೆ ಕಂಡ ಮಗುವಿಗೆ ಮತ್ತೊಮ್ಮೆ ಹೇಳಬೇಕಾಗಿಲ್ಲ. ಕಳೆಯುವ ಅಡ್ಡದಾರಿಯನ್ನು ಅದಾದ ಮೇಲೆ ಹೇಳಿಕೊಡಿ, ಪೂರ್ತಿ ಸಬ್‌ನೆಟ್ ಹಿಡಿಯುವಾಗ ಮಾತ್ರ ನಡೆಯುತ್ತದೆ ಎಂಬ ಷರತ್ತನ್ನು ಜೊತೆಗಿಟ್ಟು.

ಪಾಠ ಹೀಗೆ ಬದಲಾಗಬೇಕಾದರೆ ಪ್ರಶ್ನೆಪತ್ರಿಕೆ ಮೊದಲು ಬದಲಾಗಬೇಕು. 255.255.255.224ರ ವೈಲ್ಡ್‌ಕಾರ್ಡ್ ಮಾಸ್ಕ್ ಬರೆಯಿರಿ ಎಂಬ ಪ್ರಶ್ನೆ ಎಷ್ಟು ವರ್ಷ ಬಂದರೂ ಅದು ಪರೀಕ್ಷಿಸುವುದು ಮೂರನೆಯ ತರಗತಿಯ ಗಣಿತವನ್ನು. ಅದರ ಜಾಗದಲ್ಲಿ ಹೀಗೆ ಕೇಳಿ: ಪರ್ಮಿಟ್ 172.16.5.0 0.0.2.255 ಎಂಬ ಸಾಲು ಯಾವ ಯಾವ ಜಾಲಗಳನ್ನು ಬಿಡುತ್ತದೆ? ಉತ್ತರ 172.16.5.0 ಮತ್ತು 172.16.7.0. ನಡುವಿನ 6 ಏಕೆ ಹೊರಗುಳಿಯಿತು ಎಂದು ಬಿಟ್ ಬರೆದು ವಿವರಿಸಿದವರಿಗೆ ಪೂರ್ತಿ ಅಂಕ ಕೊಡಿ. 255ರಿಂದ ಕಳೆದು ತೋರಿಸಿದವರಿಗೆ ಆ ಪ್ರಶ್ನೆಯಲ್ಲಿ ಅಂಕ ಬೇಡ.